ಆಯುಧಪೂಜೆಗೆ ಕಟ್ಟಿಕೊಂಡ ಕಾಲಂ

ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯುವುದಕ್ಕೆ ಒಬ್ಬರ ಶಕ್ತಿ ಸಾಲದು. ಬಿಸಿನೀರಿನಲ್ಲಿ ಅದ್ದಬೇಕು, ಒರಟು ಟವೆಲ್ಲು ಸುತ್ತಬೇಕು, ಕೊನೆಗೆ ಬಾಗಿಲ ಸಂದಿಗೆ ಸಿಕ್ಕಿಸಿ ತಿರುಗಿಸಬೇಕು. ಇದಕ್ಕೆಲ್ಲ ಕಾರಣ ನಾನು. ಕಣ್ಣಿಗೆ ಬಿದ್ದ ಮುಚ್ಚಳವನ್ನೆಲ್ಲ ಇನ್ನೊಂದು ಸುತ್ತು ಬಿಗಿಮಾಡುವುದು ನನ್ನ ಚಾಳಿ. ಪೆನ್ನು, ಕೊಬ್ಬರಿಎಣ್ಣೆ ಸೀಸೆ, ನೀರಿನ ಬಾಟಲಿ, ಟೂತ್‌ಪೇಸ್ಟು, ಯಾವುದೂ ನನ್ನ ಕೃಪೆಯಿಂದ ಹೊರತಲ್ಲ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಕೂತಾಗ ಎದುರು ಸಾಲಿನವರ ನೀರಿನ ಬಾಟಲಿಯ ಮುಚ್ಚಳ ಸಡಿಲವಾಗಿ ಕಂಡರೆ ನನಗೆ ಪಾಯಸ ರುಚಿಸುವುದಿಲ್ಲ.

“ಇದನ್ನ ಮುಚ್ಚಿದ್ದು ನೀವಾ, ಇಲ್ಲ ವೆಲ್ಡಿಂಗ್‌ನೋರು ಬಂದಿದ್ರಾ?” ಎಂದು ನನ್ನ ಹೆಂಡತಿ ಸುಧಾ ಅಡುಗೆಮನೆಯಿಂದ ಕೇಳುತ್ತಾಳೆ. ಬಾಟಲಿ ನನ್ನ ಕೈಗೆ ಬರುತ್ತದೆ. ನನಗೂ ತೆಗೆಯಲು ಬರುವುದಿಲ್ಲ. ಅವತ್ತು ಮೊಸರನ್ನಕ್ಕೆ ಉಪ್ಪಿನಕಾಯಿ ಇಲ್ಲ.

ನೀವು ನಗುತ್ತೀರಿ. ನಗಿ. ಆದರೆ ಈ ಚಾಳಿಗೂ ಒಂದು ಕುಲಗೋತ್ರವಿದೆ. ಅದರ ಮೂಲಪುರುಷ ಒಂದು ಇಂಕು ಬಾಟಲಿ. ಜಯನಗರದ ನಮ್ಮ ಶಾಲೆಗೆ ಹೋಗುವಾಗ ಅದು ನನ್ನ ಕಾಕಿ ಬಟ್ಟೆಯ ಚೀಲದಲ್ಲಿ ಸೋರಿ, ಕನ್ನಡ ಪುಸ್ತಕ, ಅವಲಕ್ಕಿ ಡಬ್ಬಿ, ಬಿಳಿ ಅಂಗಿ ಮೂರನ್ನೂ ಭೇದವಿಲ್ಲದೆ ನೀಲಿ ಮಾಡಿತು. ಮೇಷ್ಟ್ರು ನನ್ನನ್ನು ಆ ವರ್ಷವಿಡೀ ನೀಲಕಂಠ ಎಂದೇ ಕರೆದರು. ಆದರೂ ಅದು ಬರೀ ಬಾಲಪಾಠ. ನಿಜವಾದ ದೀಕ್ಷೆ ಸಿಕ್ಕಿದ್ದು ಕೆಲಸಕ್ಕೆ ಸೇರಿದ ಮೇಲೆ. ಕೊಟ್ಟ ಗುರು, ಒಂದು ಗೇಣುದ್ದದ ಉಕ್ಕಿನ ಕೊಳವೆ.

ಅದರ ಹೆಸರು ಕಾಲಂ. ಔಷಧ ಪರೀಕ್ಷಿಸುವ ಪ್ರಯೋಗಾಲಯಗಳಲ್ಲಿ ಇರುತ್ತದೆ. ಕೈಯಲ್ಲಿ ಹಿಡಿದರೆ ಸೈಕಲ್ ಪಂಪಿನ ಬಡ ನೆಂಟನಂತೆ ಕಾಣುತ್ತದೆ. ಒಳಗೆ ಮೈದಾಗಿಂತ ನುಣುಪಾದ ಬಿಳಿ ಪುಡಿಯನ್ನು ಉಸಿರಾಡಲೂ ಜಾಗವಿಲ್ಲದಂತೆ ತುಂಬಿರುತ್ತಾರೆ. ಒಂದು ಕಡೆಯಿಂದ ಪಂಪು ದ್ರವವನ್ನು ಒತ್ತುತ್ತದೆ. ನಾವು ಮಾದರಿಯ ಒಂದು ಹನಿ ಬಿಡುತ್ತೇವೆ. ಆ ಹನಿಯಲ್ಲಿ ಏನೇನು ಬೆರೆತಿದೆಯೋ ಅದೆಲ್ಲ ಇನ್ನೊಂದು ತುದಿಯಲ್ಲಿ ಬೇರೆಬೇರೆಯಾಗಿ ಬರುತ್ತದೆ, ಕಂಪ್ಯೂಟರಿನಲ್ಲಿ ಒಂದೊಂದಕ್ಕೂ ಒಂದೊಂದು ಗೋಪುರ ಏಳುತ್ತದೆ.

ಇದು ಹೇಗೆ ಸಾಧ್ಯ ಎಂದರೆ, ನಾನೂ ಸುಧಾಳೂ ಜಯನಗರ ನಾಲ್ಕನೇ ಬ್ಲಾಕಿನ ಮಾರುಕಟ್ಟೆಗೆ ಹೋದೆವೆನ್ನಿ. ಈ ತುದಿಯಲ್ಲಿ ಒಟ್ಟಿಗೇ ಒಳಗೆ ಹೊಕ್ಕೆವು. ನನಗೆ ಯಾವುದೂ ಬೇಡ, ನೇರ ನಡೆದು ಆ ತುದಿಯಲ್ಲಿ ಸ್ಕೂಟರಿಗೆ ಒರಗಿ ನಿಲ್ಲುತ್ತೇನೆ. ಅವಳು ಕನಕಾಂಬರದ ಹತ್ತಿರ ನಿಲ್ಲುತ್ತಾಳೆ, ಸ್ಟೀಲ್ ಡಬ್ಬಿಯ ಹತ್ತಿರ ನಿಲ್ಲುತ್ತಾಳೆ, ಬೇಡದ ಅವರೇಕಾಯಿಗೆ ಚೌಕಾಸಿ ಮಾಡುತ್ತಾಳೆ. ಬರುವ ಹೊತ್ತಿಗೆ ನನಗೆ ಗಡ್ಡ ಬೆಳೆದಿರುತ್ತದೆ. ಒಟ್ಟಿಗೆ ಹೊಕ್ಕವರು ಬೇರೆಯಾಗಿ ಹೊರಬಂದೆವು. ಮಾರುಕಟ್ಟೆಯೇ ಕಾಲಂ. ನನ್ನ ವೃತ್ತಿಜೀವನದ ಸಮಸ್ತ ಜ್ಞಾನ ಇಷ್ಟೇ.

ಔಷಧ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ನಾನು ಬನಶಂಕರಿ ಎರಡನೇ ಹಂತದ ಒಂದು ಪುಟ್ಟ ಪ್ರಯೋಗಾಲಯಕ್ಕೆ ಹೋಗಿಬರುತ್ತಿದ್ದೆ. ಕೆಳಗೆ ಹಾರ್ಡ್‌ವೇರ್ ಅಂಗಡಿ, ಪಕ್ಕದಲ್ಲಿ ದರ್ಶಿನಿ. ಅಲ್ಲಿನ ಸಾಂಬಾರಿನ ಒಗ್ಗರಣೆ ನಮ್ಮ ರಾಸಾಯನಿಕಗಳ ವಾಸನೆಯನ್ನು ದಿನವೂ ಸೋಲಿಸುತ್ತಿತ್ತು. ಮಾಲೀಕ ನಾಗಭೂಷಣ, ನನಗಿಂತ ಬಹಳ ಚಿಕ್ಕವನು, ಒಳ್ಳೆಯವನು, ಮಹಾ ದೈವಭಕ್ತ. ಎರಡು ವರ್ಷದ ಹಿಂದೆ, ದಸರೆಗೆ ಸ್ವಲ್ಪ ಮುಂಚೆ, ನಮ್ಮ ಹಳೆಯ ಕಾಲಂ ವಯಸ್ಸಾಗಿ ತೀರಿಕೊಂಡಿತು. ಪರೀಕ್ಷೆಗೆ ಬಂದ ಕೆಮ್ಮಿನ ಸಿರಪ್ಪುಗಳು ಸಾಲಾಗಿ ಕೂತಿದ್ದವು. ಹೊಸದು ಬರಲು ವಾರಗಟ್ಟಲೆ ಕಾಯಬೇಕಿತ್ತು.

ಇಂಥ ಹೊತ್ತಿನಲ್ಲಿ ನಾವು ಏನು ಮಾಡುತ್ತೇವೆಂದು ಹೊರಗಿನವರಿಗೆ ತಿಳಿಯದು. ಎರವಲು ತರುತ್ತೇವೆ. ನಮ್ಮ ಅಮ್ಮ ಪಕ್ಕದ ಮನೆಯಿಂದ ಚಕ್ಕುಲಿ ಒರಳು ತರುತ್ತಿದ್ದಳಲ್ಲ, ಹಾಗೆಯೇ. ನಾನು ಗಿರಿನಗರದ ವಿಶಾಲಾಕ್ಷಿಯವರಿಗೆ ಫೋನು ಮಾಡಿದೆ.

ವಿಶಾಲಾಕ್ಷಿ ಒಂದು ಕಾಲದಲ್ಲಿ ನನ್ನ ಕಾರ್ಖಾನೆಯಲ್ಲೇ, ಪಕ್ಕದ ಮೇಜಿನಲ್ಲಿ ಕೆಲಸ ಮಾಡಿದವರು. ಆಮೇಲೆ ಕಾಲೇಜಿನಲ್ಲಿ ಪಾಠ ಹೇಳಲು ಹೋದರು. ಅವರ ಹತ್ತಿರ ಒಂದು ಕಾಲಂ ಇತ್ತು. ಅವರ ವಿದ್ಯಾರ್ಥಿನಿ ರುಕ್ಸಾನಾ ಅಮೃತಬಳ್ಳಿಯ ಎಲೆಗಳ ಮೇಲೆ ವರ್ಷಗಟ್ಟಲೆ ಮಾಡುತ್ತಿದ್ದ ಪಿಎಚ್‌.ಡಿ. ಕೆಲಸವೆಲ್ಲ ಅದೊಂದರ ಮೇಲೆಯೇ ನಡೆದಿತ್ತು. ಕೊನೆಯ ಕಂತಿನ ಎಲೆರಸ ಮಾತ್ರ ಫ್ರೀಜರಿನಲ್ಲಿ ಉಳಿದಿತ್ತು. ಆ ಬಗೆಯ ಕಾಲಮ್ಮನ್ನು ಮಾಡುತ್ತಿದ್ದ ಕಂಪನಿ ಅದನ್ನು ನಿಲ್ಲಿಸಿಬಿಟ್ಟಿತ್ತು. ಬೇರೆಯದರ ಮೇಲೆ ಮಾಡಿದರೆ ಹಳೆಯ ಗೋಪುರಗಳಿಗೂ ಹೊಸ ಗೋಪುರಗಳಿಗೂ ತಾಳೆ ಬೀಳುವುದಿಲ್ಲ. ಅಂದರೆ ಹುಡುಗಿ ಮತ್ತೆ ಮೊದಲಿನಿಂದ ಶುರುಮಾಡಬೇಕು. ವಿಶಾಲಾಕ್ಷಿ ಆ ವರ್ಷವೇ ನಿವೃತ್ತರಾಗುವವರು, ಆಮೇಲೆ ಅವಳಿಗೆ ಮಾರ್ಗದರ್ಶಕರೇ ಇಲ್ಲ.

ಇಷ್ಟಿದ್ದೂ ಅವರು ಕೊಟ್ಟರು. ರುಕ್ಸಾನಾ ಅಕ್ಕನ ಬಾಣಂತನಕ್ಕೆಂದು ಸಿಂಧನೂರಿಗೆ ಹೋಗಿದ್ದಳು, ಬರುವುದು ವಿಜಯದಶಮಿಯ ಮರುದಿನ. ಅಲ್ಲಿಯವರೆಗೆ ಕಾಲಂ ಖಾಲಿ ಮಲಗಿರುವ ಬದಲು ನಿಮಗಾದರೂ ಆಗಲಿ ಎಂದರು. ಕೊಡುವಾಗ ಹಳೆಯ ಪಂಚೆಯ ಮೆತ್ತನೆ ತುಂಡಿನಲ್ಲಿ ಸುತ್ತಿ, ಎರಡೂ ತುದಿಯ ಮುಚ್ಚಳ ಬಿಗಿಯಿದೆಯೇ ಎಂದು ನೋಡಿ, ಮಗಳನ್ನು ಗಂಡನ ಮನೆಗೆ ಕಳಿಸುವವರ ಧ್ವನಿಯಲ್ಲಿ ಹೇಳಿದರು.

“ಮೂರ್ತಿಗಳೇ, ನಿಮಗೆ ಹೇಳೋ ಹಾಗಿಲ್ಲ. ಆದ್ರೂ ಹೇಳ್ತೀನಿ. ನೀರು ಕುಡಿಸಿ ಮಲಗಿಸಿ.”

“ನನಗೇ ಹೇಳ್ತೀರಲ್ಲ ಮೇಡಂ!”

ಈ ಮಾತಿನ ಅರ್ಥ ಇಷ್ಟು. ಪರೀಕ್ಷೆ ನಡೆಯುವಾಗ ಕಾಲಮ್ಮಿನೊಳಗೆ ಹರಿಯುವುದು ಉಪ್ಪು ಕರಗಿಸಿದ ನೀರು. ಅದನ್ನು ಬಫರ್ ಅನ್ನುತ್ತೇವೆ. ಕೆಲಸ ಮುಗಿದ ಮೇಲೆ ಕಾಲಮ್ಮನ್ನು ಮೆಥನಾಲ್ ಎಂಬ ಸ್ಪಿರಿಟ್ಟಿನಲ್ಲಿ ನೆನೆಸಿಡಬೇಕು, ಇಲ್ಲವಾದರೆ ಕೆಡುತ್ತದೆ. ಆದರೆ ಉಪ್ಪಿಗೂ ಮೆಥನಾಲಿಗೂ ಆಗಿಬರುವುದಿಲ್ಲ. ಮೆಥನಾಲ್ ಕಂಡ ಕ್ಷಣ ಉಪ್ಪು ಇದ್ದಲ್ಲೇ ಹರಳುಗಟ್ಟಿ ಕೂತುಬಿಡುತ್ತದೆ. ಆದ್ದರಿಂದ ನಡುವೆ ಸಾವಧಾನವಾಗಿ ನೀರು ಹರಿಸಿ ಉಪ್ಪನ್ನೆಲ್ಲ ಬೀಳ್ಕೊಡಬೇಕು. ಈ ಸೂತ್ರವನ್ನು ನಾನು ಎಷ್ಟು ಜನ ಹುಡುಗರಿಗೆ ಎಷ್ಟು ಗಂಭೀರವಾಗಿ ಬೋಧಿಸಿದ್ದೆನೆಂದರೆ, ಕಾರ್ಖಾನೆಯಲ್ಲಿ ನನ್ನ ಬೆನ್ನ ಹಿಂದೆ ನನಗೆ ‘ಗಂಗೋದಕ’ ಎಂಬ ಹೆಸರಿತ್ತು.

ಆಯುಧಪೂಜೆಯ ಬೆಳಿಗ್ಗೆ ಗಂಗೋದಕ ಕೊನೆಯ ಸಿರಪ್ಪಿನ ಪರೀಕ್ಷೆ ಮುಗಿಸಿ, ಇನ್ನೇನು ನೀರಿನ ಬಾಟಲಿಗೆ ಕೊಳವೆ ಹಾಕಬೇಕು, ನಾಗಭೂಷಣ ಪಂಚೆ ಶಲ್ಯದಲ್ಲಿ ಓಡಿಬಂದ.

“ಸಾರ್, ಶಾಸ್ತ್ರಿಗಳು ಬಂದ್ಬಿಟ್ರು. ಮಷೀನ್ ಆಫ್ ಮಾಡ್ಬಿಡಿ.”

“ಇನ್ನೊಂದು ಗಂಟೆ ಬೇಕಲ್ಲ ನಾಗಭೂಷಣ. ತೊಳೀಬೇಕು.”

“ಒಂದ್ ಗಂಟೆನಾ? ಅವ್ರಿಗೆ ಇಲ್ಲಿಂದ ಕೆಳಗಡೆ ಹಾರ್ಡ್‌ವೇರು, ಆಮೇಲೆ ಎರಡು ಗ್ಯಾರೇಜು, ಒಂದು ಜಿಮ್ಮು ಇದೆ ಸಾರ್.”

ಅಷ್ಟರಲ್ಲಿ ಶಾಸ್ತ್ರಿಗಳೇ ಮೆಟ್ಟಿಲು ಹತ್ತಿ ಬಂದರು. ಯಂತ್ರದ ಹಸಿರು ದೀಪವನ್ನು ನೋಡಿ ತಲೆಯಾಡಿಸಿದರು. “ಓಡ್ತಾ ಇರೋ ಆಯುಧಕ್ಕೆ ಪೂಜೆ ಮಾಡೋ ಹಾಗಿಲ್ಲ ರಾಯರೇ. ರಾಹುಕಾಲ ಬೇರೆ ಹತ್ರ ಬಂತು. ಅದಕ್ಕೂ ಒಂದಿನ ರೆಸ್ಟ್ ಕೊಡಿ ಪಾಪ.”

ಪೂಜೆ ಆದ ಆಯುಧವನ್ನು ಮತ್ತೆ ಪೂಜೆ ಕದಲಿಸುವವರೆಗೆ ಮುಟ್ಟುವಂತಿಲ್ಲ. ಬಫರನ್ನು ಒಳಗೇ ಬಿಟ್ಟು ಹೋದರೆ, ಅದು ಒಣಗಿ ತುದಿಯಲ್ಲಿ ಹರಳುಗಟ್ಟುವ ಭಯ. ನೀರು ಕೊಡಲು ಹೊತ್ತಿಲ್ಲ. ಆಗ ನನ್ನ ಬುದ್ಧಿ ಒಂದು ಮಧ್ಯದ ದಾರಿ ಕಂಡುಹಿಡಿಯಿತು. ಮೆಥನಾಲನ್ನಾದರೂ ಸ್ವಲ್ಪ ಹರಿಸಿಬಿಡೋಣ, ಏನೂ ಇಲ್ಲದ್ದಕ್ಕಿಂತ ವಾಸಿ! ಹುಡುಗರು ಹೀಗೆ ಮಾಡಿದಾಗಲೆಲ್ಲ ನಾನು ಉಪನ್ಯಾಸ ಕೊಟ್ಟಿದ್ದೆ. ಈಗ ನನ್ನ ಕೈಯೇ ಕೊಳವೆಯನ್ನು ಬಫರಿನಿಂದ ತೆಗೆದು ಮೆಥನಾಲಿಗೆ ಹಾಕಿತು. ನಡುವೆ ಇದ್ದ ನೀರಿನ ಬಾಟಲಿ ನೋಡುತ್ತ ನಿಂತಿತ್ತು.

ಮಂಗಳಾರತಿಯ ಹೊತ್ತಿಗೆ ಯಂತ್ರ ನಿಲ್ಲಿಸುತ್ತೇನೆಂದು ಒಪ್ಪಿಸಿದ ಮೇಲೆ ಶಾಸ್ತ್ರಿಗಳು ಸಂಕಲ್ಪ ಆರಂಭಿಸಿದರು. ಪರದೆಯ ಮೇಲೆ ಒತ್ತಡದ ಅಂಕಿ ಮೆಲ್ಲಗೆ ಏರತೊಡಗಿತು. ಮಂತ್ರ ದ್ರುತಕ್ಕೆ ಬಂದಂತೆ ಅಂಕಿಯೂ ದ್ರುತಕ್ಕೆ ಬಂತು. ಗಂಟೆ ಬಾರಿಸುವ ಹೊತ್ತಿಗೆ ಯಂತ್ರ ಕಿಂವ್ ಎಂದು ಕೂಗಿ, ಪಂಪು ತಾನಾಗಿ ನಿಂತಿತು. ಒತ್ತಡ ಮಿತಿಮೀರಿದರೆ ಹಾಗೆ ನಿಲ್ಲುತ್ತದೆ. ಒಳಗೆ ದಾರಿ ಮುಚ್ಚಿಹೋಗಿದೆ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟ ಭಾಷೆ ಇಲ್ಲ.

“ನೋಡಿದ್ರಾ ಸಾರ್! ತಾನೇ ನಿಂತ್ಕೊಳ್ತು,” ಎಂದ ನಾಗಭೂಷಣ ಕೈಮುಗಿದು. “ಮಷೀನಿಗೂ ಭಕ್ತಿ ಇರುತ್ತೆ.”

ನಾನೂ ಕೈಮುಗಿದೆ. ಬೇರೆ ಏನು ಮಾಡುವುದೆಂದು ತೋಚಲಿಲ್ಲ. ಯಂತ್ರಕ್ಕೆ ವಿಭೂತಿ ಬಳಿದರು, ಕುಂಕುಮ ಇಟ್ಟರು, ಚೆಂಡುಹೂವಿನ ಹಾರ ಹಾಕಿದರು. ಕರ್ಪೂರ ಹಚ್ಚುವ ಮೊದಲು ನಾನು ಮೆಥನಾಲ್ ಬಾಟಲಿಗಳನ್ನು ಬಾಲ್ಕನಿಗೆ ಸಾಗಿಸಿದೆ. ಅಷ್ಟು ಬುದ್ಧಿ ಉಳಿದಿತ್ತು. ನಾಗಭೂಷಣ ಕಡ್ಲೆಪುರಿ ಪೊಟ್ಟಣ, ಮೈಸೂರುಪಾಕು ಕೈಗಿತ್ತು ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದ.

ಮನೆಯಲ್ಲಿ ಆ ಸಂಜೆ ನಾನು ಕಡ್ಲೆಪುರಿಯನ್ನು ಒಂದೊಂದೇ ಕಾಳು ತಿನ್ನುತ್ತ ಕೂತೆ. ಕಣ್ಣು ಮುಚ್ಚಿದರೆ ಹಾರ ಹಾಕಿಕೊಂಡ ಯಂತ್ರ. ಹಾರ ಹಾಕಿದ ಚಿತ್ರ ನೋಡಿದರೆ ಮನಸ್ಸಿಗೆ ಬರುವ ಯೋಚನೆ ನಿಮಗೆ ಗೊತ್ತೇ ಇದೆ.

ಆಗ ಯಾಕೋ ನಮ್ಮಪ್ಪನ ಪಂಪ್ ಸ್ಟವ್ ನೆನಪಾಯಿತು. ಹಿತ್ತಾಳೆಯದು, ಮೂರು ಕಾಲಿನದು, ಉರಿಯುವಾಗ ಇಡೀ ಮನೆ ಭೋರ್ ಎನ್ನುತ್ತಿತ್ತು. ಅದರ ತೂತು ಆಗಾಗ ಕಟ್ಟಿಕೊಳ್ಳುತ್ತಿತ್ತು. ಅಮ್ಮನ ಬಳಿ ಅದಕ್ಕೆಂದೇ ತಗಡಿನ ಹಿಡಿಯ ತೆಳ್ಳನೆಯ ಪಿನ್ನು ಇರುತ್ತಿತ್ತು. ಗಾಳಿ ಬಿಟ್ಟು, ಪಿನ್ನು ಚುಚ್ಚಿ, ಮತ್ತೆ ನಿಧಾನವಾಗಿ ಪಂಪು ಹೊಡೆಯುತ್ತಿದ್ದಳು. ಒಂದು ಭಾನುವಾರ ಅಪ್ಪನಿಗೆ ಕಾಫಿಯ ಅವಸರ. ಪಿನ್ನು ಸಿಗಲಿಲ್ಲ. ಜೋರಾಗಿ ಪಂಪು ಹೊಡೆದರೆ ಕಸ ತಾನೇ ಹಾರಿಹೋಗುತ್ತದೆ ಎಂಬ ಸಿದ್ಧಾಂತ ಹೂಡಿ ಹೊಡೆದೇ ಹೊಡೆದರು. ಅಮ್ಮ ಹಿತ್ತಲಿನಿಂದ ಓಡಿಬಂದು, “ಅದಕ್ಕೆ ಉಸಿರು ಕಟ್ಟಿದೆ ಕಣ್ರೀ, ನೀವು ಕತ್ತು ಹಿಸುಕ್ತಾ ಇದೀರ!” ಎನ್ನುವಷ್ಟರಲ್ಲಿ ಕಸ ಹಾರಿತು, ಜೊತೆಗೆ ಜ್ವಾಲೆ ಚಾವಣಿಯತ್ತ ಹಾರಿತು. ಅಪ್ಪನ ಎಡಹುಬ್ಬು ಮತ್ತೆ ಬೆಳೆಯುವವರೆಗೆ ಅವರು ಆಫೀಸಿನಲ್ಲಿ ಸದಾ ಆಶ್ಚರ್ಯಪಡುತ್ತಿರುವವರಂತೆ ಕಾಣುತ್ತಿದ್ದರಂತೆ.

ಆ ರಾತ್ರಿ ನಿದ್ದೆ ಬಂತೆಂದು ನಾನು ಹೇಳುವುದಿಲ್ಲ.

ವಿಜಯದಶಮಿಯ ಬೆಳಿಗ್ಗೆ ಸುಧಾ ರೇಷ್ಮೆಸೀರೆ ಉಟ್ಟು ಸಿದ್ಧಳಾಗಿದ್ದಳು. ಗಿರಿನಗರಕ್ಕೆ ಗೊಂಬೆ ನೋಡಲು ಹೋಗಬೇಕು, ವಿಶಾಲಾಕ್ಷಿ ಕರೆದಿದ್ದಾರೆ. ನನಗೆ ತಲೆನೋವು ಎಂದೆ. ಬೆನ್ನುನೋವು ಎಂದೆ.

“ಯಾವುದಾದ್ರೂ ಒಂದು ಹೇಳಿ,” ಎಂದಳು. “ನಡೀರಿ, ಆಟೋ ಬಂತು.”

ದಾರಿಯುದ್ದಕ್ಕೂ ಹಿಂದಿನ ದಿನ ಒಡೆದ ಬೂದುಗುಂಬಳಕಾಯಿಗಳು, ಚಕ್ರಕ್ಕೆ ಸಿಕ್ಕ ನಿಂಬೆಹಣ್ಣುಗಳು. ಕತ್ರಿಗುಪ್ಪೆಯ ತಿರುವಿನಲ್ಲಿ ಒಬ್ಬ ಸ್ಕೂಟರಿನವನು ಕುಂಬಳಕಾಯಿಯ ತಿರುಳಿನ ಮೇಲೆ ಜಾರಿ, ಹೇಗೋ ಸಾವರಿಸಿಕೊಂಡು ಹೋದ. ಅವನ ಅದೃಷ್ಟ ಕಂಡು ನನಗೆ ಹೊಟ್ಟೆಕಿಚ್ಚಾಯಿತು.

ವಿಶಾಲಾಕ್ಷಿಯವರ ನಡುಮನೆಯಲ್ಲಿ ಬಿಳಿಬಟ್ಟೆ ಹಾಸಿದ ಮೆಟ್ಟಿಲುಗಳ ಮೇಲೆ ಗೊಂಬೆಗಳ ದರ್ಬಾರು. ಎಲ್ಲಕ್ಕೂ ಮೇಲೆ ಪಟ್ಟದ ಗೊಂಬೆಗಳು, ಅವರ ಅತ್ತೆಯ ಕಾಲದ ಮರದ ರಾಜ ರಾಣಿ. ಕೆಳಗೆ ಮೊಳಕೆಯೊಡೆದ ರಾಗಿಯ ಪಾರ್ಕು, ಅದರಲ್ಲಿ ಒಂದು ಪ್ಲಾಸ್ಟಿಕ್ ಜಿರಾಫೆ. ಪ್ರತಿ ಗೊಂಬೆಯನ್ನೂ ವರ್ಷವಿಡೀ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿರುತ್ತಾರಂತೆ. ಅದೇ ಪಂಚೆಯ ತುಂಡು ನನ್ನ ಪ್ರಯೋಗಾಲಯದ ಮೇಜಿನ ಮೇಲೂ ಇತ್ತು, ಖಾಲಿಯಾಗಿ. ಕೊಟ್ಟ ಕೋಸಂಬರಿಯ ತಟ್ಟೆ ಹಿಡಿದು ಕೂತೆ.

“ಇವತ್ತು ದೀಪ ಹಚ್ಚೋ ಹೊತ್ತಿಗೆ ರಾಜ ರಾಣೀನ ಮಲಗಿಸಬೇಕು,” ಎನ್ನುತ್ತಿದ್ದರು ವಿಶಾಲಾಕ್ಷಿ ಸುಧಾಳಿಗೆ. “ಏನ್ ಮೂರ್ತಿಗಳೇ, ತಟ್ಟೆ ಹಾಗೇ ಇದೆ? ಉಪ್ಪು ಜಾಸ್ತಿ ಆಯ್ತಾ?”

ಆ ಮಾತು ಕೇಳಿ ನನ್ನ ಕೈಯಲ್ಲಿದ್ದ ಚಮಚ ತಟ್ಟೆಗೆ ಬಿತ್ತು.

“ನಿನ್ನೆಯಿಂದ ಹೀಗೇ ಇದಾರೆ ನೋಡಿ,” ಎಂದಳು ಸುಧಾ. “ಊಟ ಇಲ್ಲ, ಮಾತಿಲ್ಲ. ಪ್ರೆಶರ್ ಜಾಸ್ತಿ ಆಗಿರಬೇಕು, ಡಾಕ್ಟ್ರ ಹತ್ರ ಬನ್ನಿ ಅಂದ್ರೆ ಬರಲ್ಲ.”

“ಪ್ರೆಶರ್ ಜಾಸ್ತಿ ಆಗಿರೋದು ನಿಜ,” ಎಂದೆ. “ನನ್ನದಲ್ಲ. ನಿಮ್ಮ ಕಾಲಂದು.”

ವಿಶಾಲಾಕ್ಷಿ ಕುಂಕುಮದ ಬಟ್ಟಲನ್ನು ಕೆಳಗಿಟ್ಟರು.

“ನೀರು ಕುಡಿಸಲಿಲ್ವಾ?”

“ಇಲ್ಲ.”

“ನೀವು?”

“ನಾನೇ.”

“ಸೀದಾ ಮೆಥನಾಲ್?”

ತಲೆಯಾಡಿಸಿದೆ. ಅವರು ಬೈಯುತ್ತಾರೆಂದು ಕಾದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರು ಮೇಲಿನ ಮೆಟ್ಟಿಲಿನ ರಾಜ ರಾಣಿಯರನ್ನೇ ಸ್ವಲ್ಪ ಹೊತ್ತು ನೋಡಿದರು. “ಆ ಹುಡುಗಿ ಇವತ್ತು ರಾತ್ರಿ ಬಸ್ ಹತ್ತುತ್ತಾಳೆ ರೀ,” ಎಂದರು, ಅಷ್ಟೇ. ಆಮೇಲೆ ಎದ್ದರು. “ಸೀರೆ ಬದಲಾಯಿಸ್ಕೊಂಡು ಬರ್ತೀನಿ. ನಿಮ್ಮ ಓನರ್‌ಗೆ ಫೋನ್ ಮಾಡಿ.”

ನಾವು ಮೂವರೂ ಪ್ರಯೋಗಾಲಯಕ್ಕೆ ಬಂದಾಗ ನಾಗಭೂಷಣ ಬಾಗಿಲು ತೆರೆದನೇನೋ ಸರಿ, ಯಂತ್ರದ ಮುಂದೆ ಅಡ್ಡ ನಿಂತ.

“ಸಾರ್, ಪೂಜೆ ಕದಲಿಸಿಲ್ಲ ಇನ್ನೂ. ನಾಳೆ ಬೆಳಿಗ್ಗೆ ಕದಲಿಸಿ ಕೊಟ್ರೆ ಆಗಲ್ವಾ?”

“ವಿಜಯದಶಮಿ ದಿನ ಏನು ಶುರು ಮಾಡಿದ್ರೂ ಒಳ್ಳೇದಾಗುತ್ತೆ ಅಂತಾರಲ್ಲಪ್ಪ,” ಎಂದರು ವಿಶಾಲಾಕ್ಷಿ. “ಈಗಲೇ ಕದಲಿಸು. ನಾವು ಶುಭಾರಂಭ ಮಾಡ್ತೀವಿ.”

ಶಾಸ್ತ್ರಕ್ಕೆ ಶಾಸ್ತ್ರವೇ ಎದುರಾದಾಗ ನಾಗಭೂಷಣ ಸೋತ. ಊದುಬತ್ತಿ ಹಚ್ಚಿದ. ಪೂಜಿಸಿದ ವಸ್ತುವನ್ನು ಉತ್ತರಕ್ಕೆ ತುಸು ಸರಿಸಿದರೆ ಪೂಜೆ ಕದಲಿಸಿದಂತೆ. ಆದರೆ ಆ ಯಂತ್ರವನ್ನು ಸರಿಸಲು ಕ್ರೇನು ಬೇಕು. ಅವನು ಯೋಚಿಸಿ, ಕಂಪ್ಯೂಟರಿನ ಮೌಸನ್ನು ಉತ್ತರಕ್ಕೆ ಒಂದಿಂಚು ಸರಿಸಿ, ನಮಸ್ಕಾರ ಮಾಡಿ, “ಆಯ್ತು ಸಾರ್, ಏನಾದ್ರೂ ಮಾಡ್ಕೊಳಿ,” ಎಂದು ಕಾಫಿ ತರಲು ಹೋದ.

ಮೊದಲು ಕಾಲಮ್ಮನ್ನು ಬಿಚ್ಚಿ, ಬರೀ ಪಂಪನ್ನು ಓಡಿಸಿ ನೋಡಿದೆವು. ಒತ್ತಡ ಸರಿಯಾಗಿತ್ತು. ಅಂದರೆ ಪಂಪು, ಕೊಳವೆ ನಿರಪರಾಧಿಗಳು. ನೀರು ಕಾಯಿಸಿ, ಕೈಗೆ ಹಿತವಾಗುವಷ್ಟು ಬೆಚ್ಚಗೆ ಮಾಡಿ, ಒಳಗಿನ ಪುಡಿ ಪೂರ್ತಿ ಮುನಿಸಿಕೊಳ್ಳದಿರಲೆಂದು ಅದಕ್ಕೆ ಹೆಸರಿಗಷ್ಟು ಮೆಥನಾಲ್ ಬೆರೆಸಿದೆವು. ಕಾಲಮ್ಮಿನ ಮೈಮೇಲೆ ಒಂದು ಬಾಣದ ಗುರುತಿರುತ್ತದೆ, ದ್ರವ ಯಾವ ಕಡೆ ಹರಿಯಬೇಕೆಂದು ತೋರಿಸಲು. ನಾನು ಬಾಣದಂತೆಯೇ ಜೋಡಿಸಲು ಹೋದೆ.

“ತಿರುಗಿಸಿ,” ಎಂದರು ವಿಶಾಲಾಕ್ಷಿ.

“ಉಲ್ಟಾನಾ? ಒಳಗಿನ ಪುಡಿ ಕದಲಿಬಿಟ್ರೆ?”

“ಕದಲಿದ್ರೆ ಕದಲ್ಲಿ. ಉಪ್ಪು ಕೂತಿರೋದು ಬಾಗಿಲಲ್ಲೇ. ಮುಂದಕ್ಕೆ ತಳ್ಳಿದ್ರೆ ಮನೆ ತುಂಬಾ ಹರಡುತ್ತೆ. ಬಂದ ದಾರೀಲೇ ವಾಪಸ್ ಕಳಿಸೋಣ.”

ಜನ್ಮದಲ್ಲಿ ನಾನು ಬಾಣದ ವಿರುದ್ಧ ಹೋದವನಲ್ಲ. ಒಮ್ಮುಖ ರಸ್ತೆಯಲ್ಲಿ ಸ್ಕೂಟರನ್ನು ತಳ್ಳಿಕೊಂಡು ಕೂಡ ಹಿಂದಕ್ಕೆ ಹೋಗದವನು. ಆದರೂ ತಿರುಗಿಸಿ ಜೋಡಿಸಿದೆ. ಇನ್ನೊಂದು ತುದಿಯನ್ನು ಯಂತ್ರಕ್ಕೆ ಸೇರಿಸದೆ, ಕೆಳಗೊಂದು ಗಾಜಿನ ಬೀಕರಿಟ್ಟು, ಪಂಪನ್ನು ಅತಿ ನಿಧಾನದಲ್ಲಿ ಓಡಿಸಿದೆವು.

ಏನೂ ಬರಲಿಲ್ಲ. ಒತ್ತಡದ ಅಂಕಿ ಮಾತ್ರ ಏರಿ, ಮಿತಿಗೆ ಒಂದು ಕೂದಲೆಳೆ ಕೆಳಗೆ ನಿಂತಿತು. ನಾವು ಮೂವರೂ ಉಕ್ಕಿನ ತುದಿಯನ್ನೇ ನೋಡುತ್ತ ಕೂತೆವು. ಸುಧಾ ಗೊಂಬೆ ನೋಡಲು ಉಟ್ಟ ರೇಷ್ಮೆಸೀರೆಯಲ್ಲಿ, ಮಡಿಲಲ್ಲಿ ಕೋಸಂಬರಿಯ ಡಬ್ಬಿ ಇಟ್ಟುಕೊಂಡು, ಆಸ್ಪತ್ರೆಯ ವರಾಂಡದಲ್ಲಿ ಕೂತವಳಂತೆ ಕೂತಿದ್ದಳು.

“ಒಳಗೆ ನೋವಾಗ್ತಿರುತ್ತಾ ಇದಕ್ಕೆ?” ಎಂದು ಮೆಲ್ಲಗೆ ಕೇಳಿದಳು. ಯಾರೂ ನಗಲಿಲ್ಲ.

ಕೆಳಗೆ ದರ್ಶಿನಿಯಲ್ಲಿ ಯಾರೋ “ಎರಡು ಖಾಲಿ ದೋಸೆ” ಎಂದು ಕೂಗಿದರು. ಪ್ರಪಂಚ ಇಷ್ಟು ನಿರಾತಂಕವಾಗಿ ದೋಸೆ ತಿನ್ನುತ್ತಿದೆಯಲ್ಲ ಎಂದು ಸಿಟ್ಟು ಬಂತು. ರುಕ್ಸಾನಾಳನ್ನು ನಾನು ಒಮ್ಮೆ ಮಾತ್ರ ನೋಡಿದ್ದೆ. ಎಲೆ ಅರೆದು ಅರೆದು ಬೆರಳ ತುದಿ ಹಸಿರಾಗಿತ್ತು. ನಾಳೆ ಬೆಳಿಗ್ಗೆ ಬಸ್ಸಿಳಿದು ಫ್ರೀಜರಿನ ಬಾಗಿಲು ತೆಗೆಯುತ್ತಾಳೆ. ಆಮೇಲೆ? ನನಗೆ ತಡೆಯಲಾಗಲಿಲ್ಲ. ಸ್ವಲ್ಪ ವೇಗ ಹೆಚ್ಚಿಸಿದರೆ, ಒಂದೇ ಒಂದು ಸಲ ಜೋರಾಗಿ ಒತ್ತಿದರೆ, ಕಸ ಹಾರಿಹೋಗಬಹುದು. ಬೆರಳು ಗುಂಡಿಯ ಹತ್ತಿರ ಹೋಯಿತು.

“ಕೈ ತೆಗೀರಿ,” ಎಂದರು ವಿಶಾಲಾಕ್ಷಿ, ನನ್ನ ಕಡೆ ನೋಡದೆ.

ತೆಗೆದೆ. ಆ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಎಡಹುಬ್ಬು ಸವರಿಕೊಂಡೆ. ಇನ್ನೂ ಇತ್ತು.

ಅಷ್ಟರಲ್ಲಿ ತುದಿಯಲ್ಲಿ ಏನೋ ಮಿನುಗಿತು. ಸಾಸಿವೆ ಕಾಳಿನಷ್ಟು ನೀರು. ಅದು ಬೆಳೆದು ಮೆಣಸಿನ ಕಾಳಿನಷ್ಟಾಯಿತು, ಬೀಳದೆ ಹಾಗೇ ತೂಗಾಡಿತು. ಕೊನೆಗೆ ಬಿತ್ತು. ಬೀಕರಿನ ತಳದಲ್ಲಿ ಟಪ್ ಎಂದು ಆದ ಸದ್ದು, ಖಂಡಿತ ಸುಳ್ಳಲ್ಲ, ನನಗೆ ಕೇಳಿಸಿತು.

“ಬಂತು!” ಎಂದು ಸುಧಾ ಡಬ್ಬಿಯ ಸಮೇತ ಎದ್ದಳು.

“ಶ್! ಇನ್ನೂ ಒಂದೇ,” ಎಂದರು ವಿಶಾಲಾಕ್ಷಿ.

ಮುಂದಿನ ಹನಿ ಮತ್ತೆ ಯುಗದಷ್ಟು ಕಾಯಿಸಿತು. ಆಮೇಲೆ ಸ್ವಲ್ಪ ಬೇಗ. ನಾಗಭೂಷಣ ತಂದ ಕಾಫಿ ಕೆನೆಗಟ್ಟಿ ತಣ್ಣಗಾಯಿತು. ಅಂಕಿ ಒಂದೊಂದೇ ಮೆಟ್ಟಿಲು ಇಳಿಯತೊಡಗಿತು. ನಡುವೆ ಒಮ್ಮೆ ಮತ್ತೆ ಮೇಲೇರಿ ನನ್ನ ಪ್ರಾಣವನ್ನು ಬಾಯಿಗೆ ತಂದು, ಏನೂ ಆಗಿಲ್ಲವೆಂಬಂತೆ ಇಳಿಯಿತು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಜಾರಿ ಯಂತ್ರದ ಚೆಂಡುಹೂವಿನ ಹಾರದ ಮೇಲೆ ಬರುವ ಹೊತ್ತಿಗೆ ಹನಿಗಳ ನಡುವೆ ಎಣಿಸಲು ಪುರುಸೊತ್ತಿರಲಿಲ್ಲ. ಆಗ ಕಾಲಮ್ಮನ್ನು ಬಾಣದಂತೆ ತಿರುಗಿಸಿ, ಮತ್ತೂ ನೀರು ಹರಿಸಿ, ಮೆಥನಾಲನ್ನು ಮಗುವಿಗೆ ಮೊದಲ ಅನ್ನ ಉಣಿಸುವಂತೆ ಸ್ವಲ್ಪ, ಇನ್ನು ಸ್ವಲ್ಪ ಎಂದು ಏರಿಸಿದೆವು.

ಬದುಕಿದೆಯೇ ಎಂದು ತಿಳಿಯುವುದು ಪರೀಕ್ಷೆಯ ಮಿಶ್ರಣ ಬಿಟ್ಟಾಗ. ಬಿಟ್ಟೆವು. ಪರದೆಯ ಮೇಲೆ ಗೆರೆ ನೆಟ್ಟಗೆ ಮಲಗಿ ಬರುತ್ತಿತ್ತು. ಮಲಗಿಯೇ ಇತ್ತು. ಆಮೇಲೆ ಗೋಪುರ ಎದ್ದಿತು. ಎರಡನೆಯದೂ ಎದ್ದಿತು, ತನ್ನ ಹೊತ್ತಿಗೇ, ಮೊದಲಿನದರಿಂದ ಬೇರೆಯಾಗಿಯೇ. ಎರಡನೆಯದರ ಬಲಗಡೆ ಮಾತ್ರ ಇಳಿಜಾರು ಸ್ವಲ್ಪ ಎಳೆದಂತಿತ್ತು. ಮೊದಲಿರಲಿಲ್ಲ ಅದು.

ವಿಶಾಲಾಕ್ಷಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು.

“ಸ್ವಲ್ಪ ಬಾಲ ಬಂದಿದೆ.”

“ಬಂದಿದೆ,” ಎಂದೆ.

“ಹುಡುಗಿ ಕೆಲಸಕ್ಕೆ ಬೇಕಾಗಿರೋದು ಮೊದಲನೇದು. ಅದು ಚೆನ್ನಾಗಿದೆ.” ಪರದೆಯ ಮೇಲಿನ ಬಾಲಕ್ಕೆ ಬೆರಳಿಟ್ಟರು. “ಮುಗಿಯೋವರೆಗೂ ತಡ್ಕೊಳುತ್ತೋ ಇಲ್ವೋ, ಅದು ಗೊತ್ತಿಲ್ಲ.”

ಪಂಚೆಯ ತುಂಡಿನಲ್ಲಿ ಸುತ್ತಿ ಅವರು ಅದನ್ನು ತಾವೇ ಒಯ್ದರು. ದೀಪ ಹಚ್ಚುವ ಹೊತ್ತಾಗಿತ್ತು, ಮನೆಯಲ್ಲಿ ರಾಜ ರಾಣಿಯರು ಮಲಗಲು ಕಾಯುತ್ತಿದ್ದರು. ಆಟೋ ಹತ್ತುವಾಗ ನಾನು ತಡವರಿಸುತ್ತ, “ಮೇಡಂ, ಮುಚ್ಚಳ ಎರಡೂ ಬಿಗಿ ಇದೆಯಾ ನೋಡ್ಕೊಳಿ,” ಎಂದೆ. ಅವರು ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ವರ್ಣಿಸುವುದಿಲ್ಲ.

ಕಥೆ ಅಲ್ಲಿಗೆ ಮುಗಿಯಿತೆಂದು ನೀವು ಭಾವಿಸಿದರೆ, ನಿಮಗೆ ಅಳುಕಿನ ಸ್ವಭಾವ ಗೊತ್ತಿಲ್ಲ. ಮುಂದಿನ ವಾರಗಳಲ್ಲಿ ನಾನು ದಿನ ಬಿಟ್ಟು ದಿನ ಗಿರಿನಗರಕ್ಕೆ ಫೋನು ಮಾಡುತ್ತಿದ್ದೆ. “ಪ್ರೆಶರ್ ಹೇಗಿದೆ?” “ಸರಿಯಾಗಿದೆ.” “ಬಾಲ?” “ಅಷ್ಟೇ ಇದೆ.” ಆಮೇಲೆ ಒಂದ್ಸಲ, “ಮೂರ್ತಿಗಳೇ, ನಮ್ಮತ್ತೆ ಐಸಿಯುನಲ್ಲಿದ್ದಾಗ್ಲೂ ನೀವು ಇಷ್ಟು ಫೋನ್ ಮಾಡಿರಲಿಲ್ಲ,” ಎಂದರು. ಅಂದಿನಿಂದ ಮಾಡಲಿಲ್ಲ. ಆದರೆ ಉಪ್ಪಿನಕಾಯಿ ಬಾಟಲಿಗಳು ಇನ್ನೂ ಅರ್ಧ ಸುತ್ತು ಬಿಗಿಯಾದವು. ಗೊತ್ತಿಲ್ಲದ ಸಂಖ್ಯೆಯಿಂದ ಫೋನು ಬಂದರೆ ರುಕ್ಸಾನಾಳದೇ ಇರಬೇಕೆಂದುಕೊಳ್ಳುತ್ತಿದ್ದೆ. ಸಂಕ್ರಾಂತಿ ಆದ ಮೇಲೆ ಒಂದು ಬೆಳಿಗ್ಗೆ ನಿಜವಾಗಿಯೂ ಬಂತು, ಗೊತ್ತಿಲ್ಲದ ಸಂಖ್ಯೆ, ಹುಡುಗಿಯ ಧ್ವನಿ.

“ಸರ್, ನಾನ್ ರುಕ್ಸಾನಾ ಮಾತಾಡೋದ್ರಿ. ಕೊನೇ ಸ್ಯಾಂಪಲ್ ನಿನ್ನೆ ಮುಗೀತ್ರಿ. ನಿಮಗ ಮೊದಲ ಹೇಳು ಅಂದ್ರು ಮೇಡಂ. ನೀವು ನಿದ್ದಿ ಮಾಡ್ಬೇಕಂತ.”

ಕಳೆದ ದಸರೆಗೆ ಮತ್ತೆ ಗಿರಿನಗರಕ್ಕೆ ಹೋದೆವು. ವಿಶಾಲಾಕ್ಷಿ ಆಗಲೇ ನಿವೃತ್ತರಾಗಿದ್ದರು. ಅಡುಗೆಮನೆಯಲ್ಲಿ ಒಗ್ಗರಣೆ ಚಟಪಟ ಎನ್ನುತ್ತಿತ್ತು. ನಾನು ಗೊಂಬೆಗಳ ಮುಂದೆ ಒಬ್ಬನೇ ನಿಂತಿದ್ದೆ. ರಾಜ, ರಾಣಿ, ರಾಗಿಯ ಪಾರ್ಕು, ಜಿರಾಫೆ ಎಲ್ಲ ಹಾಗೇ ಇದ್ದವು. ಮೇಲಿನ ಮೆಟ್ಟಿಲಿನಲ್ಲಿ, ರಾಣಿಯ ಪಕ್ಕ, ಮಡಿಸಿದ ಪಂಚೆಯ ತುಂಡಿನ ಮೇಲೆ ಗೇಣುದ್ದದ ಉಕ್ಕಿನ ಕೊಳವೆ ಮಲಗಿತ್ತು. ಬಾಣದ ಗುರುತಿನ ಮೇಲೆ ಒಂದು ಬೊಟ್ಟು ಕುಂಕುಮ.

ಸುಧಾ ಬಂದು ಬಗ್ಗಿ ನೋಡಿದಳು. “ಇದೇ ಅಲ್ವೇನ್ರಿ, ಅವತ್ತಿಂದು?”

ಹೌದೆಂದೆ. ಇನ್ನು ಅದು ಯಾವ ಕೆಲಸವನ್ನೂ ಮಾಡಬೇಕಾಗಿಲ್ಲ, ಯಾರ ಭವಿಷ್ಯವೂ ಅದರ ಮೇಲೆ ನಿಂತಿಲ್ಲ. ನನಗೆ ಗೊತ್ತು. ಆದರೂ ಆ ಕಡೆ ಈ ಕಡೆ ನೋಡಿ, ಕೈಚಾಚಿ, ಎರಡು ಬೆರಳಲ್ಲಿ ತುದಿಯ ಮುಚ್ಚಳವನ್ನು ಹಿಡಿದೆ.

“ಬಿಗಿಯಾಗೇ ಇದೆ ರೀ,” ಎಂದು ಅಡುಗೆಮನೆಯಿಂದ ಧ್ವನಿ ಬಂತು. “ನೀರು ಕುಡಿಸಿಯೇ ಮಲಗಿಸಿದೀನಿ.”